ಮಲೆನಾಡಿನ ಮಳೆಯಲ್ಲಿ ಕಾಮಿಕ್ಸ್ ಕಿರುಚಿತ್ರ ಮಾಡುವ ಬಗೆ: ‘ದಿ ಕ್ರೋ’ ಚಿತ್ರವನ್ನು ಮುಂದಿಟ್ಟುಕೊಂಡು

ಕೈಯಲ್ಲೊಂದು ಕಾಮಿಕ್ಸ್ ಪುಸ್ತಕವಿದೆ, ಅದನ್ನು ಹದಿನೈದು ನಿಮಿಷದ ಕಿರುಚಿತ್ರವಾಗಿಸುವ ಆಸೆಯಿದೆ, ಆದರೆ ಹಣವಿಲ್ಲ. ಇರುವುದು ಮೊಬೈಲ್ ಅಥವಾ ಬಾಡಿಗೆಯ ಕ್ಯಾಮೆರಾ, ನಾಲ್ಕಾರು ಗೆಳೆಯರು, ಒಂದು ಹಂಚಿನ ಮನೆ, ಕತ್ತಲೆ ಮತ್ತು ಬೇಡವೆಂದರೂ ಬರುವ ಮಳೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಇಂಥ ಆಸೆ ಹೊತ್ತು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ವಹಿಸುವ ಕೆಲಸವೆಂದರೆ 1994ರ ‘ದಿ ಕ್ರೋ’ (ಕಾಗೆ) ಎಂಬ ಅಮೆರಿಕದ ಚಿತ್ರವನ್ನು ಎರಡು ಸಲ ನೋಡಿ ಬರುವುದು: ಒಂದು ಸಲ ಎಲ್ಲರಂತೆ, ಇನ್ನೊಂದು ಸಲ ತೆರೆಗೆ ಬೆನ್ನು ಹಾಕಿ ಕುಳಿತು, ಕಿವಿಯಿಂದ ಮಾತ್ರ. ಚಿತ್ರದಲ್ಲಿ ಹಿಂಸೆ ಬಹಳವಿದೆ, ಆದ್ದರಿಂದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಅದರ ಕಥೆಯಲ್ಲಿ ಅಂಥ ಹೊಸತೇನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಕೊಲೆಯಾದ ಗಿಟಾರ್ ವಾದಕನೊಬ್ಬ ಒಂದು ವರ್ಷದ ನಂತರ ಗೋರಿಯಿಂದೆದ್ದು ಬಂದು, ತನ್ನನ್ನೂ ತಾನು ಮದುವೆಯಾಗಬೇಕಿದ್ದ ಹುಡುಗಿಯನ್ನೂ ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ, ಅಷ್ಟೆ. ಜನ ಅದನ್ನು ಇಂದಿಗೂ ಹುಡುಕಿಕೊಂಡು ನೋಡುವಂತೆ ಮಾಡಿರುವುದು ಅದರ ಕತ್ತಲೆ, ಮಳೆ ಮತ್ತು ಹಾಡುಗಳು. ಇವುಗಳಲ್ಲಿ ಮೊದಲಿನ ಎರಡು ನಮ್ಮಲ್ಲಿ ಪುಕ್ಕಟೆ ಸಿಗುತ್ತವೆ.

ಪುಟದೊಳಗಿನ ಸದ್ದನ್ನು ಹುಡುಕುವುದು

‘ದಿ ಕ್ರೋ’ ಚಿತ್ರಕ್ಕೆ ಮೂಲವಾದ ಅದೇ ಹೆಸರಿನ ಕಾಮಿಕ್ಸ್ ಬರೆದವರು ಅಮೆರಿಕದ ಡೆಟ್ರಾಯಿಟ್‌ನ ಜೇಮ್ಸ್ ಓಬಾರ್. ಅವರು ಮದುವೆಯಾಗಬೇಕಿದ್ದ ಹುಡುಗಿ, ಕುಡಿದು ವಾಹನ ಓಡಿಸಿದವನೊಬ್ಬನಿಂದಾಗಿ ತೀರಿಕೊಂಡಳು. ಆ ನೋವಿನಲ್ಲಿ ಅವರು ಸೇನೆ ಸೇರಿದರು, ಜರ್ಮನಿಯಲ್ಲಿದ್ದಾಗ 1981ರಲ್ಲಿ ಈ ಕಥೆಯನ್ನು ಬರೆಯತೊಡಗಿದರು. ಅದು ಕ್ಯಾಲಿಬರ್ ಪ್ರೆಸ್ ಎಂಬ ಸಣ್ಣ ಪ್ರಕಾಶನದಿಂದ ಅಚ್ಚಾದದ್ದು 1989ರಲ್ಲಿ. ಪುಸ್ತಕ ಪೂರ್ತಿ ಕಪ್ಪು ಬಿಳುಪಿನದು. ಅದಕ್ಕಿಂತ ಮುಖ್ಯವಾಗಿ, ಅದು ಹಾಡು ಕೇಳುತ್ತ ಬರೆದ ಪುಸ್ತಕವೆಂಬುದು ಪುಟಪುಟದಲ್ಲೂ ಕಾಣುತ್ತದೆ. ಜಾಯ್ ಡಿವಿಷನ್ ಮತ್ತು ದಿ ಕ್ಯೂರ್ ಎಂಬ ಇಂಗ್ಲೆಂಡಿನ ಎರಡು ತಂಡಗಳ ಹಾಡುಗಳು ಚಿತ್ರಗಳ ನಡುವೆ ಸುಳಿಯುತ್ತವೆ, ಪೊಲೀಸ್ ಪಾತ್ರಗಳಿಗೆ ಹುಕ್ ಮತ್ತು ಅಲ್ಬ್ರೆಕ್ಟ್ ಎಂಬ ಹೆಸರು ಬಂದದ್ದೂ ಜಾಯ್ ಡಿವಿಷನ್‌ನ ಪೀಟರ್ ಹುಕ್ ಮತ್ತು ಬರ್ನಾರ್ಡ್ ಅಲ್ಬ್ರೆಕ್ಟ್ ಅವರಿಂದ. ಹಾಗಾಗಿ ಈ ಚಿತ್ರಕ್ಕೆ ಹಾಡುಗಳನ್ನು ಹೊರಗಿನಿಂದ ತಂದು ಅಂಟಿಸಿದರು ಎನ್ನುವುದು ತಪ್ಪು ಗ್ರಹಿಕೆ. ಕಾಗದದಲ್ಲಿ ಮೊದಲೇ ಇದ್ದ ಸದ್ದನ್ನು ಚಿತ್ರದವರು ಕೇಳುವಂತೆ ಮಾಡಿದರು.

ನಿಮ್ಮ ಕೆಲಸವೂ ಇಲ್ಲಿಂದಲೇ ಶುರುವಾಗಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು, ಕಾಮಿಕ್ಸ್‌ನ ಪ್ರತಿ ಚೌಕಕ್ಕೆ ಎಡಪುಟದಲ್ಲಿ ಕಾಣುವುದನ್ನೂ ಬಲಪುಟದಲ್ಲಿ ಕೇಳುವುದನ್ನೂ ಬರೆಯಿರಿ. ಎಡಪುಟ ಎಲ್ಲರಿಗೂ ಸಲೀಸಾಗಿ ತುಂಬುತ್ತದೆ. ಬಲಪುಟದಲ್ಲಿ ‘ಮಳೆ ಸದ್ದು’ ಎಂದು ಹತ್ತು ಸಲ ಬರೆದ ಮೇಲೆಯೇ ಯಾವ ಮಳೆ ಎಂಬ ಪ್ರಶ್ನೆ ಹುಟ್ಟುವುದು: ಹಂಚಿನ ಮೇಲೆ ಬೀಳುವುದೋ, ತಗಡಿನ ಮೇಲೆಯೋ, ಅಂಗಳಕ್ಕೆ ಹೊದಿಸಿದ ಅಡಿಕೆ ಸೋಗೆಯ ಮೇಲೆಯೋ? ಕಾಮಿಕ್ಸ್ ಬೇರೆಯವರದಾಗಿದ್ದರೆ ಬರೆದವರನ್ನು ಭೇಟಿಯಾಗಿ, ಬರೆಯುವಾಗ ಏನು ಕೇಳುತ್ತಿದ್ದರೆಂದು ವಿಚಾರಿಸಿ, ಅದೇ ಭೇಟಿಯಲ್ಲಿ ಚಿತ್ರ ಮಾಡಲು ಅವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಚಿತ್ರಕ್ಕೊಂದು ಬಹುಮಾನ ಬರುವವರೆಗೆ ಮಾತ್ರ ನಿಲ್ಲುತ್ತದೆ.

ಏನನ್ನು ಬಿಡಬೇಕೆಂಬುದನ್ನು ತೀರ್ಮಾನಿಸಲು ಪುಸ್ತಕವನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಪುಸ್ತಕದಲ್ಲಿ ಕಾರು ಕೆಟ್ಟು ನಿಂತ ರಸ್ತೆಬದಿಯಲ್ಲಿ ನಡೆಯುವ ದಾಳಿ ಚಿತ್ರದಲ್ಲಿ ನಾಯಕನ ಮನೆಯೊಳಗೆ ನಡೆಯುತ್ತದೆ. ಇದರಿಂದಾಗಿ ಅವನು ಮತ್ತೆ ಮತ್ತೆ ಹಿಂತಿರುಗಲು ಒಂದು ಜಾಗ ಸಿಕ್ಕಿತು, ನಿರ್ಮಾಣಕ್ಕೂ ಒಂದೇ ಸೆಟ್ಟಿನಲ್ಲಿ ಹಲವು ದೃಶ್ಯಗಳು ಸಿಕ್ಕವು. ಎರಡು ಪೊಲೀಸ್ ಪಾತ್ರಗಳ ಜಾಗದಲ್ಲಿ ಅಲ್ಬ್ರೆಕ್ಟ್ ಒಬ್ಬನೇ ಉಳಿದ. ಪುಸ್ತಕದಲ್ಲಿ ಮಾತನಾಡುವ ಕಾಗೆ ಚಿತ್ರದಲ್ಲಿ ಬಾಯಿ ಬಿಡುವುದಿಲ್ಲ. ನಾಯಕನಿಗೆ ದಾರಿ ತೋರಲೆಂದು ಇದ್ದ ‘ಸ್ಕಲ್ ಕೌಬಾಯ್’ ಎಂಬ ಪಾತ್ರವನ್ನು ಚಿತ್ರೀಕರಿಸಿದ ಮೇಲೂ ತೆಗೆದುಹಾಕಿದರು. ಹದಿನೈದು ನಿಮಿಷದ ಚಿತ್ರಕ್ಕೆ ಒಂದು ಮನೆ, ಮೂರು ಪಾತ್ರ, ಒಂದು ರಾತ್ರಿ ಸಾಕು. ಇನ್ನು, ಸತ್ತವರ ಜೀವವನ್ನು ಕಾಗೆ ಹೊತ್ತೊಯ್ಯುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಪ್ರೇಕ್ಷಕರಿಗೆ ಆರಂಭದಲ್ಲೇ ಹಿನ್ನೆಲೆ ದನಿಯಲ್ಲಿ ವಿವರಿಸಿ ಹೇಳಬೇಕಾಯಿತು. ಶ್ರಾದ್ಧದ ದಿನ ಎಡೆಯಿಟ್ಟು ಕಾಗೆ ಮುಟ್ಟಲೆಂದು ಹಿತ್ತಲಲ್ಲಿ ಕೈಕಟ್ಟಿ ನಿಂತವರ ಮುಂದೆ ಆ ವಿವರಣೆಯ ಅಗತ್ಯವಿಲ್ಲ. ನೀವೂ ಕಾಗೆಯ ಕಥೆಯನ್ನೇ ಮಾಡುವುದಾದರೆ ಆ ಎಲ್ಲ ಮಾತನ್ನು ಕತ್ತರಿಸಿಬಿಡಬಹುದು. ಕಾಗೆಯನ್ನು ಹಿಡಿಯುವ ಗೋಜಿಗೂ ಹೋಗಬೇಡಿ. ಒಂದೆರಡು ವಾರ ಅದೇ ಹೊತ್ತಿಗೆ, ಅದೇ ಕಲ್ಲಿನ ಮೇಲೆ ಅನ್ನವಿಟ್ಟು, ಕ್ಯಾಮೆರಾ ಸ್ಟ್ಯಾಂಡನ್ನೂ ಮೊದಲ ದಿನದಿಂದಲೇ ಅಲ್ಲಿ ನಿಲ್ಲಿಸಿದ್ದರೆ ಅವು ತಾವಾಗಿಯೇ ಬರುತ್ತವೆ. ಅಂದಹಾಗೆ, ಆ ಚಿತ್ರದಲ್ಲಿ ಕಾಗೆಯ ಪಾತ್ರ ಮಾಡಿದ್ದು ಪಳಗಿಸಿದ ರೇವನ್ ಹಕ್ಕಿಗಳು. ಅವು ನಮ್ಮ ಊರಕಾಗೆಗಿಂತ ಬಹಳ ದೊಡ್ಡವು.

ಮಳೆಯನ್ನು ಕಾಣುವಂತೆ ಮಾಡುವುದು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಅಂಕಿಯನ್ನು ನಂಬಿ ನಾವು ಮೊದಲ ಸಲ ಜುಲೈ ತಿಂಗಳ ಒಂದು ರಾತ್ರಿ ಘಾಟಿಯ ಮೇಲಿನ ಹಳ್ಳಿಯೊಂದರಲ್ಲಿ ಚಿತ್ರೀಕರಣಕ್ಕೆ ನಿಂತೆವು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಕಾಲಿಗೆ ಹತ್ತಿದ ಉಂಬಳಗಳನ್ನು ಸುಣ್ಣ ಹಚ್ಚಿ ಉದುರಿಸುತ್ತ, ನಾಲ್ಕು ಗಂಟೆ ನೆನೆದು ಐದು ಶಾಟ್ ತೆಗೆದೆವು. ಬೆಳಿಗ್ಗೆ ಅತ್ತೆಯ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದರೆ ಹುಡುಗನ ಅಂಗಿ ಮೈಗೆ ಅಂಟಿದೆ, ಕೂದಲಿನಿಂದ ನೀರಿಳಿಯುತ್ತಿದೆ, ಆದರೆ ಅವನ ಸುತ್ತ ಒಂದು ಹನಿಯೂ ಕಾಣುವುದಿಲ್ಲ. ಕಾಫಿಯ ಲೋಟ ಇಡಲು ಬಂದ ಅತ್ತೆ ಬಗ್ಗಿ ನೋಡಿ, “ಎಂತ ಮಾರಾಯ, ಇವ ಹೊಳೆಗೆ ಬಿದ್ದು ಬಂದವನ ಹಾಗೆ ಕಾಣ್ತಾನೆ, ಮಳೆ ಎಲ್ಲಿ?” ಎಂದು ಕೇಳಿದರು.

ತಪ್ಪು ದೀಪದ್ದಾಗಿತ್ತು. ನಾವು ಎಲ್ಇಡಿ ದೀಪವನ್ನು ಕ್ಯಾಮೆರಾದ ಪಕ್ಕದಲ್ಲಿಟ್ಟು ಹುಡುಗನ ಮುಖಕ್ಕೆ ಬಿಟ್ಟಿದ್ದೆವು. ನೀರಿನ ಹನಿ ಮುಂದಿನಿಂದ ಬಂದ ಬೆಳಕನ್ನು ಕ್ಯಾಮೆರಾದತ್ತ ಹೆಚ್ಚು ಮರಳಿಸುವುದಿಲ್ಲ, ಹಿಂದಿನಿಂದ ಬಂದ ಬೆಳಕನ್ನಾದರೆ ಬಾಗಿಸಿ ನಮ್ಮ ಕಡೆ ಕಳಿಸುತ್ತದೆ. ಆದ್ದರಿಂದ ದೀಪ ಮಳೆಯ ಹಿಂದೆ, ಕ್ಯಾಮೆರಾಕ್ಕೆ ಎದುರಾಗಿ, ಸ್ವಲ್ಪ ಓರೆಯಾಗಿ, ತಲೆಯ ಎತ್ತರಕ್ಕಿಂತ ಮೇಲೆ ಇರಬೇಕು, ಅದರ ಹಿಂದೆ ತೋಟದ ಅಂಚಿನಂಥ ಕಪ್ಪು ಹಿನ್ನೆಲೆ ಇರಬೇಕು. ‘ದಿ ಕ್ರೋ’ದ ಯಾವುದೇ ಮಳೆ ದೃಶ್ಯವನ್ನು ನಿಲ್ಲಿಸಿ ನೋಡಿದರೆ ಬೀದಿದೀಪವೋ ಕಿಟಕಿಯೋ ಕಾರಿನ ದೀಪವೋ ಪಾತ್ರದ ಬೆನ್ನ ಹಿಂದಿರುವುದು ಗೊತ್ತಾಗುತ್ತದೆ. ಛಾಯಾಗ್ರಾಹಕ ದಾರಿಯುಷ್ ವೋಲ್ಸ್ಕಿ ಮತ್ತು ಸೆಟ್ ವಿನ್ಯಾಸಕ ಅಲೆಕ್ಸ್ ಮೆಕ್‌ಡವೆಲ್ ಆ ಊರನ್ನು ಕಪ್ಪು, ಬೂದಿ ಮತ್ತು ಅಲ್ಲಲ್ಲಿ ಕೆಂಪಿನಲ್ಲಿ ಕಟ್ಟಿದ್ದಾರೆ. ನೆನಪಿನ ದೃಶ್ಯಗಳಿಗೆ ಮಾತ್ರ ಬೆಚ್ಚನೆಯ ಬಣ್ಣಗಳಿವೆ. ಕಾಮಿಕ್ಸ್‌ನ ಕಪ್ಪು ಶಾಯಿ ಚಿತ್ರಕ್ಕೆ ಇಳಿದ ಬಗೆ ಅದು. ನೀವು ಹಾಕಿಸುವ ಬಟ್ಟೆಗಳಲ್ಲಿ ಬಿಳಿ, ಹಳದಿ, ಕಿತ್ತಳೆ ಇಲ್ಲದಂತೆ ನೋಡಿಕೊಂಡರೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎರಡನೆಯ ಸಂಗತಿ ಹನಿಯ ಗಾತ್ರ. ನಮ್ಮ ಸೋನೆಮಳೆ ಮೈಯನ್ನು ನೆನೆಸುತ್ತದೆಯೇ ಹೊರತು ಕ್ಯಾಮೆರಾಕ್ಕೆ ಮಂಜಿನಂತೆ ಕಾಣುತ್ತದೆ, ಜಡಿಮಳೆ ಹಿಡಿದರೆ ಕ್ಯಾಮೆರಾ ಹೊರಗೆ ತೆಗೆಯುವಂತಿಲ್ಲ, ಮತ್ತು ಶಾಟ್ ಮಧ್ಯೆ ಯಾವುದು ಯಾವಾಗ ಬರುತ್ತದೆಂದು ಹೇಳಲು ಯಾರಿಂದಲೂ ಆಗದು. ಹೀಗಾಗಿ ಮಲೆನಾಡಿನವರಿಗೆ ಹೇಳಲು ಮುಜುಗರವಾದರೂ ನನ್ನ ಸಲಹೆ ಕೃತಕ ಮಳೆಯೇ. ಮಳೆಗಾಲ ಮುಗಿದು ತೋಟಕ್ಕೆ ನೀರು ಹಾಯಿಸಲು ಶುರುವಾದ ಮೇಲೆ ಅಡಿಕೆ ತೋಟದ ಸ್ಪ್ರಿಂಕ್ಲರ್ ಎರಡನ್ನು ತಂದು, ಚೌಕಟ್ಟಿನ ಆಚೆ ಎತ್ತರದಲ್ಲಿ ಕಟ್ಟಿ, ನೀರು ಮೇಲಕ್ಕೆ ಹಾರಿ ಕೆಳಗೆ ಬೀಳುವಂತೆ ತಿರುಗಿಸಿದರೆ ದಪ್ಪ ಹನಿಯ ಮಳೆ ಸಿಗುತ್ತದೆ. ಅದನ್ನು ಬೇಕೆಂದಾಗ ಶುರು ಮಾಡಿ ಸಾಕೆಂದಾಗ ನಿಲ್ಲಿಸಬಹುದು. ಚಿತ್ರೀಕರಣಕ್ಕೆ ಅರ್ಧ ಗಂಟೆ ಮೊದಲು ಅಂಗಳ, ಗೋಡೆ, ಮೆಟ್ಟಿಲು ಎಲ್ಲವನ್ನೂ ಪೈಪಿನಿಂದ ನೆನೆಸಿರಿ, ಏಕೆಂದರೆ ಒಣ ನೆಲದ ಮೇಲೆ ಬೀಳುವ ಮಳೆಯನ್ನು ಮಳೆನಾಡಿನ ಕಣ್ಣು ತಕ್ಷಣ ಹಿಡಿದುಬಿಡುತ್ತದೆ. ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ ವೇಗವನ್ನು 1/50ಕ್ಕೆ ನಿಲ್ಲಿಸಿ. ಅದಕ್ಕಿಂತ ವೇಗ ಹೆಚ್ಚಿದಂತೆ ಹನಿಯ ಗೆರೆ ತುಂಡಾಗಿ ಚುಕ್ಕೆಯಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಮನೆಯ ದೀಪಗಳು ಮಿಣುಕುವ ತೊಂದರೆಯೂ ಈ ವೇಗದಲ್ಲಿ ಇರುವುದಿಲ್ಲ. ಕ್ಯಾಮೆರಾಕ್ಕೆ ಹಿಡಿದ ಛತ್ರಿಯ ಮೇಲೆ ಹಳೆಯ ಕಂಬಳಿಯ ತುಂಡು ಹೊದಿಸಿದರೆ ಹನಿಯ ಟಪಟಪ ಸದ್ದು ಧ್ವನಿಮುದ್ರಣಕ್ಕೆ ಬರುವುದಿಲ್ಲ.

ಊರನ್ನು ಮೇಲಿನಿಂದ ತೋರಿಸಬೇಕೆನ್ನುವವರಿಗೆ ಒಂದು ಮಾತು. ‘ದಿ ಕ್ರೋ’ದಲ್ಲಿ ಹಕ್ಕಿ ಹಾರಿಬರುವ ನಗರದ ನೋಟಗಳಿಗೆ ಪುಟ್ಟ ಮಾದರಿ ಕಟ್ಟಡಗಳನ್ನು ಬಳಸಿದ್ದಾರೆ. ರಟ್ಟು ಮತ್ತು ಅಡಿಕೆ ದಬ್ಬೆಯಿಂದ ಹಂಚಿನ ಮಾಡುಗಳ ಸಾಲನ್ನು ನಾವೂ ಕಟ್ಟಬಹುದು, ಆದರೆ ಅದರ ಮೇಲೆ ನೀರು ಸುರಿಯಬಾರದು. ಮನೆ ಚಿಕ್ಕದಾದರೂ ಹನಿ ಚಿಕ್ಕದಾಗುವುದಿಲ್ಲವಾದ್ದರಿಂದ ಮಾದರಿಯೆಂಬುದು ಒಡನೆ ಬಯಲಾಗುತ್ತದೆ. ಲೋಬಾನದ ಹೊಗೆ ಹರಡಿ, ಮಾಡುಗಳಿಗೆ ಎಣ್ಣೆ ಸವರಿ ಹೊಳಪು ಕೊಟ್ಟರೆ ಮಳೆ ಈಗಷ್ಟೇ ನಿಂತ ಊರಿನಂತೆ ಕಾಣುತ್ತದೆ.

‘ದಿ ಕ್ರೋ’ದ ನಾಯಕನಂತೆ ಮುಖಕ್ಕೆ ಹಚ್ಚುವ ಬಿಳಿ ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಸಾಗರ, ಹೊಸನಗರದ ಕಡೆ ಯಕ್ಷಗಾನದ ಚೌಕಿಯಲ್ಲಿ ಕುಳಿತು ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವ ಕಲಾವಿದರು ಸುತ್ತಲೂ ಇದ್ದಾರೆ. ಅವರಲ್ಲೊಬ್ಬರನ್ನು ಕೇಳಿ. ನೀರಿನಲ್ಲಿ ಕಲಸಿದ ಬಣ್ಣ ಸ್ಪ್ರಿಂಕ್ಲರಿನ ಕೆಳಗೆ ಎರಡು ನಿಮಿಷ ನಿಲ್ಲದು, ಎಣ್ಣೆಯಲ್ಲಿ ಕಲಸಿ ಮೇಲೆ ಪೌಡರು ಒತ್ತಿದ್ದು ನಿಲ್ಲುತ್ತದೆ. ಪ್ರತಿ ಶಾಟಿನ ಕೊನೆಗೆ ಮುಖದ ಫೋಟೊ ತೆಗೆದಿಡುವುದನ್ನು ಮರೆಯಬೇಡಿ.

ಕೋವಿ, ಕರೆಂಟು ಮತ್ತು ದಣಿವು

ಈ ಭಾಗವನ್ನು ಹಾರಿಸಿ ಓದುವವರು ಚಿತ್ರ ಮಾಡುವುದು ಬೇಡ ಎಂಬುದು ನನ್ನ ಖಚಿತ ನಿಲುವು. ‘ದಿ ಕ್ರೋ’ದ ಚಿತ್ರೀಕರಣ 1993ರ ಫೆಬ್ರುವರಿ 1ರಂದು ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನ ಸ್ಟುಡಿಯೊದಲ್ಲಿ ಆರಂಭವಾಯಿತು. ಮೊದಲ ದಿನವೇ ಕೆಲಸದ ಯಂತ್ರವೊಂದು ವಿದ್ಯುತ್ ತಂತಿಗೆ ತಗುಲಿ ಒಬ್ಬ ಬಡಗಿ ತೀವ್ರವಾಗಿ ಸುಟ್ಟುಕೊಂಡರು. ಮುಂದೆ ಬಿರುಗಾಳಿಗೆ ಸೆಟ್ಟಿನ ಒಂದು ಭಾಗ ಹಾಳಾಯಿತು. ಕೆಲಸವೆಲ್ಲ ಹೆಚ್ಚಾಗಿ ರಾತ್ರಿ ಪಾಳಿಯದು, ಅದೂ ಚಳಿಯಲ್ಲಿ. ಚಿತ್ರೀಕರಣ ಮುಗಿಯಲು ಕೆಲವೇ ದಿನಗಳಿದ್ದಾಗ, ಮಾರ್ಚ್ 31ರಂದು, ನಾಯಕ ನಟ ಬ್ರ್ಯಾಂಡನ್ ಲೀ ಸೆಟ್ಟಿನಲ್ಲೇ ಗುಂಡು ತಗುಲಿ ತೀರಿಕೊಂಡರು. ಅವರಿಗೆ 28 ವರ್ಷ.

ಅದು ನಡೆದ ಬಗೆಯನ್ನು ಕೋವಿಯ ಪರಿಚಯವಿರುವ ನಮ್ಮವರು ಬೇಗ ಗ್ರಹಿಸಬಲ್ಲರು. ರಿವಾಲ್ವರನ್ನು ಹತ್ತಿರದಿಂದ ತೋರಿಸುವ ಶಾಟಿಗಾಗಿ ನಿಜವಾದ ತೋಟಾಗಳಿಂದ ಮದ್ದನ್ನು ತೆಗೆದು, ಗುಂಡನ್ನು ಮತ್ತೆ ಕೂರಿಸಿ ತೋರಿಕೆಯ ತೋಟಾ ಮಾಡಿದ್ದರು. ಮದ್ದಿಗೆ ಕಿಡಿ ಕೊಡಲು ತೋಟಾದ ತಳದಲ್ಲಿರುವ ಕೇಪು ಮಾತ್ರ ಹಾಗೆಯೇ ಉಳಿದಿತ್ತು. ಟ್ರಿಗರ್ ಒತ್ತಿದಾಗ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಕ್ಕೆ ಸರಿದು ಸಿಕ್ಕಿಕೊಂಡಿತು, ಅದನ್ನು ಯಾರೂ ಗಮನಿಸಲಿಲ್ಲ. ಬಳಿಕ ಇನ್ನೊಂದು ದೃಶ್ಯಕ್ಕಾಗಿ ಅದೇ ರಿವಾಲ್ವರಿಗೆ ಗುಂಡಿಲ್ಲದ, ಬರಿ ಮದ್ದಿನ ಈಡು ತುಂಬಿ ಹಾರಿಸಿದಾಗ ನಳಿಗೆಯಲ್ಲಿ ಸಿಕ್ಕಿದ್ದ ಗುಂಡು ನಿಜವಾದ ಗುಂಡಿನಂತೆಯೇ ಹೊರಟಿತು. ಒಂದರ ಮೇಲೊಂದು ಬಂದ ಸಣ್ಣ ಅಜಾಗರೂಕತೆಗಳೇ ಇಷ್ಟಕ್ಕೂ ಕಾರಣ, ನಳಿಗೆಯೊಳಗೆ ಒಮ್ಮೆ ಇಣುಕಿ ನೋಡಿದ್ದರೆ ಅದು ಅಲ್ಲಿಗೆ ನಿಲ್ಲುತ್ತಿತ್ತು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ಗೋಡೆಯ ಮೇಲಿರುತ್ತದೆ, ಮತ್ತು ಕಿರುಚಿತ್ರ ಮಾಡುವವರಿಗೆ ‘ನಮ್ಮ ದೊಡ್ಡಪ್ಪನ ಹತ್ತಿರ ಇದೆ, ತರುತ್ತೇನೆ’ ಎನ್ನುವ ಗೆಳೆಯನೊಬ್ಬ ಸಿಕ್ಕೇ ಸಿಗುತ್ತಾನೆ. ತರಬೇಡ ಎನ್ನಿ. ಈಡು ತುಂಬಿಲ್ಲವೆಂದು ದೊಡ್ಡಪ್ಪನೇ ಹೇಳಿದರೂ ಬೇಡ. ಮರದಲ್ಲಿ ಕೆತ್ತಿಸಿ ಬಣ್ಣ ಬಳಿದ ಕೋವಿ ಕತ್ತಲೆಯಲ್ಲಿ ನಿಜವಾದದ್ದರಂತೆಯೇ ಕಾಣುತ್ತದೆ, ಬೆಂಕಿಯ ಮಿಂಚನ್ನೂ ಸದ್ದನ್ನೂ ಸಂಕಲನದಲ್ಲಿ ಸೇರಿಸಬಹುದು. ಗರ್ನಾಲನ್ನು ಕೈಯಲ್ಲಿ ಹಿಡಿಸಿ ಸಿಡಿಸುವುದು, ದೃಶ್ಯದ ನೆಪದಲ್ಲಿ ಹುಲ್ಲಿನ ಗೊಣಬೆಗೆ ಬೆಂಕಿ ಹಚ್ಚುವುದು ಇವೂ ಅದೇ ಸಾಲಿಗೆ ಸೇರುತ್ತವೆ. ನೀರು ಸುರಿಯುವ ಜಾಗದಲ್ಲಿ ಬ್ಯಾಟರಿಯ ದೀಪಗಳನ್ನೇ ಬಳಸಿ. ಪಂಪಿಗೆ ಕರೆಂಟು ಬೇಕೇಬೇಕಾದ್ದರಿಂದ ಆ ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್ಚು) ಇದೆಯೇ, ಅದರ ಪರೀಕ್ಷಾ ಗುಂಡಿ ಒತ್ತಿದರೆ ಟ್ರಿಪ್ ಆಗುತ್ತದೆಯೇ ಎಂದು ಹಗಲಿನಲ್ಲೇ ನೋಡಿ. ದೀಪ ಕಟ್ಟಿದ ಬಿದಿರುಗಳವನ್ನು ಎತ್ತುವ ಮೊದಲು ಮೇಲೆ ತಂತಿ ಹಾದುಹೋಗಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ರಾತ್ರಿ ಎರಡು ಗಂಟೆಯ ನಂತರ ಹೊಸ ಶಾಟ್ ಶುರು ಮಾಡದಿರುವುದು ನಮ್ಮ ತಂಡದ ನಿಯಮ. ಆ ಹೊತ್ತಿನಲ್ಲಿ ‘ಇದೊಂದು ಮುಗಿಸಿಬಿಡೋಣ’ ಎಂದವರ ಮಾತನ್ನು ಕೇಳಬಾರದು.

ಲೀ ಅವರ ಮರಣದ ನಂತರ, ವಿತರಣೆ ಮಾಡಬೇಕಿದ್ದ ಪ್ಯಾರಮೌಂಟ್ ಸಂಸ್ಥೆ ಚಿತ್ರದಿಂದ ಹಿಂದೆ ಸರಿಯಿತು, ಮಿರಾಮ್ಯಾಕ್ಸ್ ಕೈಗೆತ್ತಿಕೊಂಡಿತು. ನಿರ್ದೇಶಕ ಅಲೆಕ್ಸ್ ಪ್ರೊಯಾಸ್ ಅವರು ಉಳಿದದ್ದನ್ನು ಮುಗಿಸಿದ ರೀತಿಯಲ್ಲಿ ನಮಗೊಂದು ಕಸುಬಿನ ಪಾಠವಿದೆ. ಚಾಡ್ ಸ್ಟಾಹೆಲ್ಸ್ಕಿ ಮತ್ತು ಜೆಫ್ ಕ್ಯಾಡಿಯೆಂಟೆ ಎಂಬ ಸಾಹಸ ಕಲಾವಿದರು ಬದಲಿಯಾಗಿ ನಿಂತರು. ಕೆಲವೆಡೆ ಲೀ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಲಾಯಿತು, ಗಲ್ಲಿಯ ಮಳೆಯಲ್ಲಿ ನಡೆದುಬರುವ ಶಾಟಿನಿಂದ ಅವರ ಆಕೃತಿಯನ್ನು ಬೇರ್ಪಡಿಸಿ ಮನೆಯ ಬಾಗಿಲೊಳಗೆ ಬರುವಂತೆ ಜೋಡಿಸಲಾಯಿತು. ಸಾರಾ ಎಂಬ ಹುಡುಗಿಯ ನಿರೂಪಣೆಯನ್ನು ಸೇರಿಸಿ ಕಥೆಯ ಬಿರುಕುಗಳನ್ನು ಮುಚ್ಚಿದರು. ನಮ್ಮಲ್ಲಿ ಶಾಟ್ ತಪ್ಪಿಹೋಗಲು ಪರೀಕ್ಷೆ, ಜ್ವರ, ಅಡಿಕೆ ಕೊಯ್ಲು ಇಂಥ ಕಾರಣಗಳಿರುತ್ತವೆ. ಅದಕ್ಕಾಗಿ ಪ್ರತಿ ಪಾತ್ರದ ಬೆನ್ನು, ಕೈ, ನೆರಳು ಮತ್ತು ಬಾಗಿಲಲ್ಲಿ ನಿಂತ ಕಪ್ಪು ಆಕೃತಿಯನ್ನು ಮೊದಲ ದಿನವೇ ಹೆಚ್ಚುವರಿಯಾಗಿ ತೆಗೆದಿಟ್ಟುಕೊಳ್ಳಿ.

ಹಾಡನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ಈ ಚಿತ್ರದಲ್ಲಿ ಎರಡು ಬಗೆಯ ಸಂಗೀತವಿದೆ, ಇವೆರಡನ್ನು ಕಲಸಿಕೊಂಡರೆ ಕಲಿಯಲು ಬಂದದ್ದೇ ವ್ಯರ್ಥ. ಒಂದು, ನ್ಯೂಜಿಲೆಂಡಿನವರಾದ ಗ್ರೇಮ್ ರೆವೆಲ್ ಮಾಡಿದ ಹಿನ್ನೆಲೆ ಸಂಗೀತ. ಇನ್ನೊಂದು, ಬೇರೆ ಬೇರೆ ತಂಡಗಳ 14 ಹಾಡುಗಳು. ಹಾಡುಗಳ ಆಲ್ಬಮ್ 1994ರ ಮಾರ್ಚ್ 29ರಂದು ಬಂದಿತು, ಚಿತ್ರ ಮೇ 13ರಂದು. ಅಂದರೆ ಜನ ಚಿತ್ರ ನೋಡುವ ಆರು ವಾರ ಮೊದಲೇ ಅದನ್ನು ಕೇಳತೊಡಗಿದ್ದರು. ಆಲ್ಬಮ್‌ಗಳ ಮಾರಾಟವನ್ನು ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು.

ಹಾಡುಗಳ ಆಯ್ಕೆಯಲ್ಲಿ ಕಾಮಿಕ್ಸ್‌ನ ನೆನಪು ಉದ್ದಕ್ಕೂ ಇದೆ. ದಿ ಕ್ಯೂರ್ ತಂಡದ ಹಳೆಯ ಹಾಡೊಂದರ ಸಾಲುಗಳು ಪುಸ್ತಕದಲ್ಲಿದ್ದವು. ಚಿತ್ರದವರು ಅದನ್ನು ಕೇಳಿಕೊಂಡು ಹೋದಾಗ ತಂಡ ಅದರ ಬದಲು ‘ಬರ್ನ್’ ಎಂಬ ಹೊಸ ಹಾಡನ್ನೇ ಮಾಡಿಕೊಟ್ಟಿತು. ಜಾಯ್ ಡಿವಿಷನ್ ಆ ವೇಳೆಗೆ ಇರಲಿಲ್ಲವಾದ್ದರಿಂದ ಅವರ ‘ಡೆಡ್ ಸೋಲ್ಸ್’ ಹಾಡನ್ನು ನೈನ್ ಇಂಚ್ ನೇಲ್ಸ್ ತಂಡ ಹೊಸದಾಗಿ ಹಾಡಿತು. ಸ್ಟೋನ್ ಟೆಂಪಲ್ ಪೈಲಟ್ಸ್ ತಂಡ ಮೊದಲು ಕೊಡಲಿದ್ದ ಹಾಡು ಸಾವಿನ ಕುರಿತದ್ದಾಗಿತ್ತು. ಲೀ ಅವರ ಮರಣದ ನಂತರ ಅದನ್ನು ಹಿಂತೆಗೆದು ‘ಬಿಗ್ ಎಂಪ್ಟಿ’ಯನ್ನು ಕೊಟ್ಟರು. ಮೆಡಿಸಿನ್ ಮತ್ತು ಮೈ ಲೈಫ್ ವಿತ್ ದ ಥ್ರಿಲ್ ಕಿಲ್ ಕಲ್ಟ್ ತಂಡಗಳು ಚಿತ್ರದ ಕ್ಲಬ್ಬಿನ ವೇದಿಕೆಯ ಮೇಲೆ ತಾವೇ ನುಡಿಸುತ್ತ ಕಾಣಿಸಿಕೊಂಡಿವೆ.

ನಾಯಕ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ದೃಶ್ಯವನ್ನು ತೆಗೆದುಕೊಂಡು ಒಂದು ಸಂಜೆ ಪೂರ್ತಿ ಅದರ ಮೇಲೆ ಕೂರಿರಿ. ಮಾತಿಲ್ಲ, ಕನ್ನಡಿಯಿದೆ, ಕೈಯಿದೆ, ನಡುನಡುವೆ ನೆನಪುಗಳು ಕತ್ತರಿಸಿಕೊಂಡು ಬರುತ್ತವೆ, ಹಿಂದೆ ‘ಬರ್ನ್’ ಇದೆ. ಹಾಡು ಪೂರ್ತಿಯಾಗಿ ಆರು ನಿಮಿಷಕ್ಕೂ ಹೆಚ್ಚಿನದು, ದೃಶ್ಯದಲ್ಲಿ ಬಳಸಿರುವುದು ಅದರ ಒಂದು ಪಾಲು ಮಾತ್ರ. ಮೊದಲು ಸದ್ದು ತೆಗೆದು ನೋಡಿ: ಒಬ್ಬ ಮನುಷ್ಯ ಬಣ್ಣ ಹಚ್ಚಿಕೊಳ್ಳುತ್ತಾನೆ, ಅಷ್ಟೇ. ಸದ್ದು ಹಾಕಿದರೆ ಡ್ರಮ್ಮಿನ ಉರುಳು ಅವನ ಕೈಯನ್ನು ಎಳೆದುಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಮೂರನೆಯ ಸಲ, ಸದ್ದು ತೆಗೆದು, ನಿಮ್ಮೂರಿನ ಚಂಡೆಯ ಮುದ್ರಣವೊಂದನ್ನು ಅದರ ಮೇಲೆ ಹಾಕಿ ನೋಡಿ. ವೇಷ ಕಟ್ಟಿಕೊಳ್ಳುವುದನ್ನೂ ಚಂಡೆಯ ಪೆಟ್ಟನ್ನೂ ಒಟ್ಟಿಗೆ ಕಂಡೇ ಬೆಳೆದವರಿಗೆ ಈ ದೃಶ್ಯದ ಕಟ್ಟು ಥಟ್ಟನೆ ಅರ್ಥವಾಗುತ್ತದೆ. ಇದೇ ರೀತಿ, ಛಾವಣಿಗಳ ಮೇಲಿನ ಓಟಕ್ಕೆ ‘ಡೆಡ್ ಸೋಲ್ಸ್’ ಇರುವ ದೃಶ್ಯದಲ್ಲಿ ಶಾಟುಗಳು ಪ್ರತಿ ತಾಳಕ್ಕೂ ಬದಲಾಗುವುದಿಲ್ಲ ಎಂಬುದನ್ನು ಬೆರಳೆಣಿಸಿ ನೋಡಿಕೊಳ್ಳಿ. ಹೊಸಬರ ಸಂಕಲನ ಪೆಟ್ಟು ಪೆಟ್ಟಿಗೂ ಶಾಟ್ ಬದಲಿಸಿ ದಣಿಸುತ್ತದೆ.

ಹಾಡುಗಳು ಸಿಟ್ಟಿಗೆ, ಓಟಕ್ಕೆ, ಗದ್ದಲಕ್ಕೆ ಬರುತ್ತವೆ. ದುಃಖದ ಜಾಗಗಳನ್ನು ಹೆಚ್ಚಾಗಿ ರೆವೆಲ್ ಅವರ ಸಂಗೀತ ತುಂಬುತ್ತದೆ. ಇವೆರಡರ ನಡುವೆ ಸೇತುವೆಯಂತೆ ಒಂದು ಸಾಲಿದೆ. ಸದಾ ಮಳೆಯೇ ಸುರಿಯುತ್ತಿರಲಾರದು ಎಂಬರ್ಥದ ಆ ಮಾತನ್ನು ನಾಯಕ ಸಾರಾಳಿಗೆ ಹೇಳುತ್ತಾನೆ, ಅದು ಅವನದೇ ತಂಡದ ಹಾಡಿನ ಸಾಲು. ಚಿತ್ರ ಮುಗಿದ ಮೇಲೆ ಅದೇ ಸಾಲು ಜೇನ್ ಸಿಬೆರಿ ಅವರ ದನಿಯಲ್ಲಿ ಪೂರ್ತಿ ಹಾಡಾಗಿ ಬರುತ್ತದೆ, ಅದನ್ನು ಕಟ್ಟಿದವರು ಸಿಬೆರಿ ಮತ್ತು ರೆವೆಲ್ ಇಬ್ಬರೂ. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಈ ಮಾತನ್ನು ಯಾರೂ ನಂಬಲಾರರು ಎಂಬುದು ಬೇರೆ ವಿಷಯ. ನಿಮ್ಮ ಚಿತ್ರಕ್ಕೂ ಹೀಗೆಯೇ ಮಾಡಿ: ಒಂದು ಸಾಲನ್ನು ಮೊದಲು ಮಾತಾಗಿ ಬಿತ್ತಿ, ಕೊನೆಗೆ ಹಾಡಾಗಿ ಕೊಯ್ಯಿರಿ. ನಾಯಕ ಭಾಗವತನೋ ಮದ್ದಳೆಗಾರನೋ ಆಗಿದ್ದರೆ ಅವನ ವಾದ್ಯದಿಂದಲೇ ಹಿನ್ನೆಲೆ ಸಂಗೀತ ಹುಟ್ಟಬಹುದು.

ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರ ದನಿ ಇಂಥ ಚಿತ್ರಕ್ಕೆ ಹೇಳಿ ಮಾಡಿಸಿದ್ದು. ‘ದಿ ಕ್ರೋ’ದ ಕಥೆ ನಡೆಯುವುದು ಅಕ್ಟೋಬರ್ 30ರ ರಾತ್ರಿ, ಅದೂ ಹೆಚ್ಚುಕಡಿಮೆ ಅದೇ ಕಾಲ. ತಂಡದವರಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮುದ್ರಿಸಿಕೊಳ್ಳಿ. ಎದುರು ನಿಂತು ಒಂದು ಸಲ, ಅವರು ಅಡಿಕೆ ತೋಟದ ಆಚೆಯಿಂದ ಹಾಡುತ್ತ ಬರುವಾಗ ಮನೆಯ ಜಗಲಿಯಿಂದ ಇನ್ನೊಂದು ಸಲ. ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಚಂಡೆ ಅಥವಾ ಡೊಳ್ಳನ್ನು ಮುದ್ರಿಸುವಾಗ ಮೈಕನ್ನು ಹತ್ತು ಹನ್ನೆರಡು ಅಡಿ ದೂರವಿಟ್ಟು, ಮಟ್ಟವನ್ನು ಬಹಳ ಕೆಳಗಿಳಿಸಿ, ಅತಿ ಜೋರಿನ ಪೆಟ್ಟನ್ನು ಮೊದಲು ಬಾರಿಸಲು ಹೇಳಿ ನೋಡಿಕೊಳ್ಳಿ, ಒಡೆದ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಕೂಡಿಸಿಕೊಡುವುದಿಲ್ಲ. ಮಾತುಗಳನ್ನು ಸ್ಪ್ರಿಂಕ್ಲರ್ ನಡೆಯುವಾಗ ಮುದ್ರಿಸುವ ಪ್ರಯತ್ನ ಬೇಡ. ಅದೇ ರಾತ್ರಿ, ನಟರಿಗೆ ಮಾತಿನ ಏರಿಳಿತ ನೆನಪಿರುವಾಗಲೇ, ಕಂಬಳಿ ಹಾಸಿಗೆಗಳಿರುವ ಒಳಕೋಣೆಯಲ್ಲಿ ಕೂರಿಸಿ ಹೇಳಿಸಿಕೊಳ್ಳಿ.

ಇನ್ನು ಹಕ್ಕಿನ ವಿಷಯ. ಒಂದು ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಮುದ್ರಿಕೆ ಮೂರಕ್ಕೂ ಬೇರೆ ಬೇರೆ ಹಕ್ಕುಗಳಿವೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕೃತಿಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು ‘ದಿ ಕ್ರೋ’ ತೆರೆಕಂಡ 1994ರಲ್ಲೇ. ಆದ್ದರಿಂದ ತೀರ್ಥಹಳ್ಳಿಯವರೆಂಬ ಸಲುಗೆಯಿಂದ ಅವರ ಕವಿತೆಯನ್ನು ಕೇಳದೆ ಬಳಸುವಂತಿಲ್ಲ, ಆ ಹಕ್ಕು 2054ರ ಕೊನೆಯವರೆಗಿದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ತತ್ವಪದಗಳು ಎಲ್ಲರವು. ಆದರೆ ಸಿ. ಅಶ್ವತ್ಥ್ ಅವರು ರಾಗ ಹಾಕಿದ ಧಾಟಿಯಲ್ಲೇ ಹಾಡಿಸುವುದಾದರೆ ಆ ಧಾಟಿಗೆ ಅನುಮತಿ ಬೇಕು. ವಚನಗಳಿಗೂ ದಾಸರ ಪದಗಳಿಗೂ ಇದೇ ಮಾತು ಸಲ್ಲುತ್ತದೆ. ಊರಿನ ಹುಡುಗಿಯೊಬ್ಬಳಿಂದ ಹೊಸ ಧಾಟಿ ಕಟ್ಟಿಸಿ, ಅವಳ ಹೆಸರನ್ನು ದೊಡ್ಡದಾಗಿ ಹಾಕಿ, ಒಂದು ಒಪ್ಪಂದದ ಹಾಳೆಗೆ ಇಬ್ಬರೂ ಸಹಿ ಮಾಡುವುದು ಎಲ್ಲಕ್ಕಿಂತ ಸುಲಭದ ದಾರಿ.

ಹಾಡು ಸಿದ್ಧವಾದರೆ ಚಿತ್ರಕ್ಕಾಗಿ ಕಾಯದೆ ಒಂದೂವರೆ ತಿಂಗಳು ಮೊದಲೇ ಬಿಡುಗಡೆ ಮಾಡಿ. ಕೊನೆಯ ಮಿಶ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿ ಒಪ್ಪಬೇಡಿ, ಪ್ರದರ್ಶನ ನಡೆಯುವ ಜಾಗದ ಸ್ಪೀಕರಿನಲ್ಲಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಕೇಳಿ. ಮಳೆಯ ಸದ್ದು ಮಾತನ್ನು ನುಂಗುತ್ತಿದ್ದರೆ ಮಾತು ಬರುವಲ್ಲೆಲ್ಲ ಮಳೆಯನ್ನು ಇಳಿಸಿ. ಸಿಕ್ಕಿರುವುದು ತಗಡಿನ ಮಾಡಿನ ಸಭಾಭವನವಾಗಿದ್ದರೆ ಪ್ರದರ್ಶನವನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ, ಆಷಾಢದಲ್ಲಿ ಇಟ್ಟರೆ ನೀವು ಸ್ಪ್ರಿಂಕ್ಲರ್ ಕಟ್ಟಿ ತಂದ ಮಳೆಗಿಂತ ಮಾಡಿನ ಮೇಲಿನದೇ ಜೋರಾಗಿ ಕೇಳುತ್ತದೆ.